124.80 ಅಡಿ ಎಂದರೆ ಎಷ್ಟು?

ಮುಂಗಾರು ಹಿಡಿದುಕೊಂಡಿತೆಂದರೆ ಕೆ.ಆರ್.ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆಯ ಹೋಟೆಲುಗಳಲ್ಲಿ ಪತ್ರಿಕೆ ಬಿಚ್ಚಿದವರ ಕಣ್ಣು ನೇರವಾಗಿ ಹೋಗುವುದು ಜಲಾಶಯಗಳ ಮಟ್ಟ ಕೊಡುವ ಪುಟ್ಟ ಚೌಕಕ್ಕೆ. ‘ಕಟ್ಟೆ ಎಷ್ಟಾಯ್ತಣ್ಣ?’ ಎಂದು ಕೇಳಿದರೆ ‘ನೂರಾ ಹದಿನೆಂಟು’ ಎಂದಷ್ಟೇ ಉತ್ತರ. ಯಾವ ಕಟ್ಟೆ, ಯಾವ ಅಳತೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಕನ್ನಂಬಾಡಿ ತುಂಬಿದರೆ 124.80 ಅಡಿ, ಕಬಿನಿ ತುಂಬಿದರೆ ಸಮುದ್ರ ಮಟ್ಟದಿಂದ 2,284 ಅಡಿ. ಈ ಎರಡು ಅಂಕಿ ಈ ಸೀಮೆಯಲ್ಲಿ ಮಗ್ಗಿಯಷ್ಟೇ ಬಾಯಿಪಾಠ.

ನಾವು ಇವನ್ನು ಓದುವುದು ಗದ್ದೆಯ ಲೆಕ್ಕದಲ್ಲಿ. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಒಂದು ಬೆಳೆಯೋ ಎರಡು ಬೆಳೆಯೋ ಎಂಬುದಷ್ಟೇ ನಮಗೆ ಬೇಕು. ಆದರೆ ಇದೇ ಅಂಕಿಯನ್ನು ಕಿವಿ, ಶ್ವಾಸಕೋಶ, ರಕ್ತದಲ್ಲಿ ಓದುವವರೂ ಇದ್ದಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಖುಷಿಗಾಗಿ ನೀರಿನಡಿಗೆ ಇಳಿಯುವ ಸ್ಕೂಬಾ ಡೈವರ್‌ಗಳು ಅವರು. ಹವ್ಯಾಸಿಗಳು ಇದಕ್ಕಿಂತ ಕೆಳಗೆ ಹೋಗಬಾರದೆಂದು ತರಬೇತಿ ಸಂಸ್ಥೆಗಳು ಎಳೆದಿರುವ ಕೊನೆಯ ಗೆರೆ 40 ಮೀಟರ್, ಅಂದರೆ 130 ಅಡಿ. ನದಿಪಾತ್ರದಿಂದ ಅಳೆದರೆ ಕನ್ನಂಬಾಡಿ ಕಟ್ಟೆಯ ಎತ್ತರವೂ 130 ಅಡಿ. ಇದು ಬರೀ ಕಾಕತಾಳೀಯ. ಆದರೂ ನಮ್ಮ ಪಾಲಿಗೆ ಒಳ್ಳೆಯ ಅಡಿಪಟ್ಟಿ ಸಿಕ್ಕಿದಂತಾಯಿತು. ಮನುಷ್ಯ ಮೋಜಿಗೆಂದು ನೀರಿನೊಳಗೆ ಹೋಗಬಹುದಾದ ಆಳವೆಲ್ಲ ನಮ್ಮ ಕಟ್ಟೆಯ ಎತ್ತರದಲ್ಲೇ ಮುಗಿದುಹೋಗುತ್ತದೆ.

ಹಾಗೆಂದು ಇಲ್ಲಿ ಯಾರೂ ಸಿಲಿಂಡರ್ ಹೊತ್ತು ಮೋಜಿಗೆ ಇಳಿಯುವುದಿಲ್ಲ. ಮುಂಗಾರಿನ ಕೆಂಪು ನೀರಿನಲ್ಲಿ ಚಾಚಿದ ಕೈಯೇ ಕಾಣುವುದಿಲ್ಲ, ಕಬಿನಿ ಹಿನ್ನೀರಿನಲ್ಲಿ ಮೊಸಳೆಗಳಿವೆ. ಇಲ್ಲಿ ನೀರಿನಡಿಗೆ ಹೋಗುವವರು ಯಾರದೋ ಮನೆಯವರನ್ನು ಹುಡುಕಲು ಬರುವ ಮುಳುಗು ತಜ್ಞರು ಮಾತ್ರ. ಆದ್ದರಿಂದ ಈ ಕಟ್ಟೆಗೆ ಲೆಕ್ಕದಲ್ಲಷ್ಟೇ ಇಳಿಯೋಣ. ಆ ಲೆಕ್ಕವೇ ಸಾಕಷ್ಟು ದಂಗುಬಡಿಸುತ್ತದೆ.

ತಲೆಗೆ ಒಂದು ಟನ್ ನೀರು

ಮೊದಲು ನೀರಿನ ಗಾತ್ರ. ಹುಣಸೂರಿನ ಕಡೆಯಿಂದ ಬರುವ ಲಕ್ಷ್ಮಣತೀರ್ಥ, ಚುಂಚನಕಟ್ಟೆಯಲ್ಲಿ ಧುಮುಕಿ ಕೆ.ಆರ್.ನಗರ ದಾಟಿ ಬರುವ ಕಾವೇರಿ, ಹಾಸನದ ಕಡೆಯ ಹೇಮಾವತಿ, ಮೂರೂ ಕೂಡಿ ತುಂಬುವ ಕನ್ನಂಬಾಡಿಯ ಸಾಮರ್ಥ್ಯ 49.45 ಟಿಎಂಸಿ. ಈ ಟಿಎಂಸಿ ಎಂಬುದನ್ನು ನಾವು ದಿನಾ ಬಳಸುತ್ತೇವೆ, ಬಿಡಿಸಿ ನೋಡುವುದು ಅಪರೂಪ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ 2,831 ಕೋಟಿ. ಹಾಗಾದರೆ ತುಂಬಿದ ಕಟ್ಟೆಯಲ್ಲಿರುವುದು ಸುಮಾರು 1,40,000 ಕೋಟಿ ಲೀಟರ್. ತೂಕದಲ್ಲಿ 140 ಕೋಟಿ ಟನ್. ಭಾರತದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಹಸುಗೂಸನ್ನೂ ಸೇರಿಸಿ ಎಲ್ಲರಿಗೂ ಹಂಚಿದರೆ ತಲೆಗೆ ಹತ್ತಿರ ಹತ್ತಿರ ಒಂದು ಟನ್, ಸಾವಿರ ಲೀಟರ್ ನೀರು ಬರುತ್ತದೆ. ಕಬಿನಿಯ 19.52 ಟಿಎಂಸಿಯಲ್ಲಿ ಇನ್ನೂ 55 ಕೋಟಿ ಟನ್ ಇದೆ.

ಈಗ ಇದೇ ಕಟ್ಟೆಯನ್ನು ಕಡಲಿನ ಪಕ್ಕದಲ್ಲಿಟ್ಟು ನೋಡಿ. ಭೂಮಿಯ ಎಲ್ಲ ಸಾಗರಗಳ ನೀರು ಸುಮಾರು 133 ಕೋಟಿ ಘನ ಕಿಲೋಮೀಟರ್. ಕನ್ನಂಬಾಡಿಯದು ಬರೀ 1.4 ಘನ ಕಿಲೋಮೀಟರ್. ಅಂದರೆ ಸಾಗರದಲ್ಲಿ 95 ಕೋಟಿ ಕನ್ನಂಬಾಡಿಗಳು ಹಿಡಿಸುತ್ತವೆ. ಸಾಗರದ ಸರಾಸರಿ ಆಳ 3,700 ಮೀಟರಿಗೆ ಸಮೀಪ. ಹವ್ಯಾಸಿ ಡೈವರ್‌ಗೆ ಅದರಲ್ಲಿ ಸಿಗುವುದು ಮೇಲಿನ 40 ಮೀಟರ್, ನೂರಕ್ಕೆ ಒಂದು ಪಾಲು. ಪೆಸಿಫಿಕ್ಕಿನ ಮರಿಯಾನಾ ಕಂದಕದ ತಳ ಸುಮಾರು 10.9 ಕಿಲೋಮೀಟರ್ ಕೆಳಗಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟ ಸಮುದ್ರ ಮಟ್ಟದಿಂದ 4,389 ಅಡಿ ಎತ್ತರ. ಅಂಥ ಎಂಟು ಎತ್ತರಗಳನ್ನು ಒಂದರ ಮೇಲೊಂದು ಪೇರಿಸಿದರೂ ಆ ಕಂದಕ ತುಂಬುವುದಿಲ್ಲ. ನೀರಿನಡಿಯ ಲೋಕವನ್ನು ಕಂಡೆವೆಂದು ಹೇಳಿಕೊಳ್ಳುವ ಡೈವರ್‌ಗಳು ಕಂಡಿರುವುದು ಅದರ ಹೊಸ್ತಿಲನ್ನಷ್ಟೆ.

ಹನ್ನೊಂದು ಅರ್ಜುನರು

ಆ ಹೊಸ್ತಿಲೇ ಎಷ್ಟು ಭಾರ ನೋಡಿ. ತುಂಬಿದ ಕಟ್ಟೆಯ ಬುಡದಲ್ಲಿ, 124.80 ಅಡಿಯ ಕೆಳಗೆ, ಒಂದು ಚದರ ಮೀಟರ್ ನೆಲದ ಮೇಲೆ 38 ಟನ್ ನೀರು ನಿಂತಿರುತ್ತದೆ. ವಯಸ್ಕರ ಚರ್ಮದ ವಿಸ್ತೀರ್ಣ ಸುಮಾರು 1.7 ಚದರ ಮೀಟರ್. ಅಲ್ಲಿ ನಿಂತವರ ಮೈಮೇಲೆ ಎಲ್ಲ ದಿಕ್ಕಿನಿಂದ ಬೀಳುವ ನೀರಿನ ಒತ್ತಡ ಕೂಡಿಸಿದರೆ 64 ಟನ್ ದಾಟುತ್ತದೆ. ಎಚ್.ಡಿ.ಕೋಟೆಯ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕೆಜಿಯ ಚಿನ್ನದ ಅಂಬಾರಿ ಹೊತ್ತ ಆನೆ. ಅವನ ತೂಕ ಐದೂವರೆ ಟನ್ನಿನ ಮೇಲಿತ್ತು. ಅಂಥ ಹನ್ನೊಂದು ಅರ್ಜುನರು ಒಟ್ಟಿಗೆ ಮೈಮೇಲೆ ಬಂದಂತೆ.

ಆದರೂ ಡೈವರ್ ಅಪ್ಪಚ್ಚಿಯಾಗುವುದಿಲ್ಲ. ಮೈಯ ಬಹುಪಾಲು ನೀರೇ. ನೀರು ಒತ್ತಿದರೆ ಕುಗ್ಗುವುದಿಲ್ಲ. ಕುಗ್ಗುವುದು ಗಾಳಿ ಇರುವ ಜಾಗಗಳು ಮಾತ್ರ: ಶ್ವಾಸಕೋಶ, ಕಿವಿಯ ಒಳಕೋಣೆ, ಹಣೆ ಮತ್ತು ಮೂಗಿನ ಪಕ್ಕದ ಪೊಳ್ಳುಗಳು. ಅದಕ್ಕೇ ಡೈವರ್‌ಗಳು ಕೆಲವು ಅಡಿ ಇಳಿಯುತ್ತಿದ್ದಂತೆ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುತ್ತಾರೆ. ಶ್ವಾಸಕೋಶಕ್ಕೆ ಸುತ್ತಲಿನ ನೀರಿನಷ್ಟೇ ಒತ್ತಡದ ಗಾಳಿ ಕೊಟ್ಟರೆ ಒಳಗೂ ಹೊರಗೂ ಸಮವಾಗಿ ಹನ್ನೊಂದು ಅರ್ಜುನರು ಲೆಕ್ಕಕ್ಕಿಲ್ಲದಂತಾಗುತ್ತಾರೆ. ಸ್ಕೂಬಾದ ಗುಟ್ಟೆಲ್ಲ ಇಷ್ಟೆ.

ಈ ಗುಟ್ಟಿಲ್ಲದೆ ಎಷ್ಟು ಆಳಕ್ಕೆ ಹೋಗಬಹುದು? ಉದ್ದದ ಕೊಳವೆಯೊಂದನ್ನು ನೀರಿನ ಮೇಲಕ್ಕೆ ಚಾಚಿ ಅದರಿಂದಲೇ ಉಸಿರಾಡುತ್ತ ತಳದಲ್ಲಿ ಓಡಾಡಬಹುದೆಂಬ ಕಲ್ಪನೆ ಎಲ್ಲ ಮಕ್ಕಳಿಗೂ ಬರುತ್ತದೆ. ಎರಡು ಮೀಟರ್ ಆಳದಲ್ಲಿ ಎದೆಯ ಒಂದೊಂದು ಚದರ ಸೆಂಟಿಮೀಟರ್ ಮೇಲೂ 200 ಗ್ರಾಂ ಬೀಳುತ್ತದೆ. ಎದೆಯ ಮುಂಭಾಗ ಸಾವಿರ ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ 200 ಕೆಜಿ ಆಯಿತು. ಪ್ರತಿ ಉಸಿರಿಗೂ ಅಷ್ಟನ್ನು ಎತ್ತುವ ಶಕ್ತಿ ನಮ್ಮ ಪಕ್ಕೆಲುಬಿನ ಸ್ನಾಯುಗಳಿಗಿಲ್ಲ. ಹೇಗೋ ಹಟ ಹಿಡಿದರೂ ಎದೆಗೂಡಿನೊಳಗಿನ ಸಣ್ಣ ರಕ್ತನಾಳಗಳು ಒಡೆಯುತ್ತವೆ.

ಆದರೆ ಈ ಸಾಹಸವನ್ನು ಸಲೀಸಾಗಿ ಮಾಡುವ ಪ್ರಾಣಿ ಎಚ್.ಡಿ.ಕೋಟೆ ತಾಲ್ಲೂಕಿನಲ್ಲೇ ಇದೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಹಿಂಡು ಹಿಂಡಾಗಿ ಬರುವ ಆನೆಗಳು ನೀರು ದಾಟುವಾಗ ಮೈಯೆಲ್ಲ ಮುಳುಗಿಸಿ ಸೊಂಡಿಲ ತುದಿಯೊಂದನ್ನೇ ಮೇಲೆ ಚಾಚಿ ಉಸಿರಾಡುತ್ತವೆ. ಶ್ವಾಸಕೋಶ ಇರುವುದು ನೀರಿನ ಮಟ್ಟದಿಂದ ಸುಮಾರು ಎರಡು ಮೀಟರ್ ಕೆಳಗೆ. ಉಳಿದ ಸಸ್ತನಿಗಳಲ್ಲಿ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ತೆಳುವಾದ ದ್ರವದ ಪದರ ಇರುತ್ತದೆ. ಆನೆಯಲ್ಲಿ ಆ ಜಾಗವನ್ನು ನಾರಿನಂಥ ಗಟ್ಟಿ ಅಂಗಾಂಶ ತುಂಬಿಕೊಂಡು ಎರಡನ್ನೂ ಬೆಸೆದುಬಿಟ್ಟಿದೆ. ಈ ವಿಚಿತ್ರ ರಚನೆ ಅಂಗರಚನಾ ತಜ್ಞರಿಗೆ ಬಹುಕಾಲ ಒಗಟಾಗಿತ್ತು. ಪರ್ವತಾರೋಹಿಗಳ ಉಸಿರಾಟವನ್ನು ಎವರೆಸ್ಟಿನಲ್ಲಿ ಅಭ್ಯಾಸ ಮಾಡಿದ್ದ ಶರೀರಶಾಸ್ತ್ರಜ್ಞ ಜಾನ್ ವೆಸ್ಟ್, ಇದು ಸೊಂಡಿಲಿನಿಂದ ಉಸಿರಾಡುತ್ತ ಈಜುವುದಕ್ಕಾಗಿಯೇ ಬಂದ ವ್ಯವಸ್ಥೆ ಎಂದು 2001ರಲ್ಲಿ ವಿವರಣೆ ಕೊಟ್ಟರು. ನಮ್ಮ ಅಂಗಡಿಯಲ್ಲಿ ಸಿಗುವ ಸ್ನಾರ್ಕೆಲ್ ಕೊಳವೆಯ ಉದ್ದ ಒಂದೂಕಾಲು ಅಡಿಯ ಆಸುಪಾಸು. ಅದಕ್ಕಿಂತ ಉದ್ದ ಮಾಡಿದರೆ ಉಪಯೋಗಕ್ಕೆ ಬಾರದು. ಆನೆಯ ಕೊಳವೆ ಆರಡಿ!

ಎರಡೂವರೆ ಕೆಜಿ ಗಾಳಿ

ಸೊಂಡಿಲಿಲ್ಲದ ನಮಗೆ ಸಿಲಿಂಡರೇ ಗತಿ. ಭಟ್ಕಳದ ಕಡಲಿನ ನೇತ್ರಾಣಿ ದ್ವೀಪದಲ್ಲಾಗಲಿ ಅಂಡಮಾನಿನಲ್ಲಾಗಲಿ ಪ್ರವಾಸಿಯ ಬೆನ್ನಿಗೇರುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಬರೀ 11 ಲೀಟರ್. ಅದರೊಳಗೆ ತುಂಬಿರುವುದು 2,200 ಲೀಟರ್ ಗಾಳಿ. ಬೈಕಿನ ಟೈರಿಗೆ ನಾವು ಹೊಡೆಸುವ ಗಾಳಿ 30 ಪಿಎಸ್‌ಐ ಆಸುಪಾಸು. ಈ ಸಿಲಿಂಡರಿನಲ್ಲಿ 3,000. ಖಾಲಿ ಸಿಲಿಂಡರಿಗೂ ತುಂಬಿದ್ದಕ್ಕೂ ತೂಕದಲ್ಲಿ ಎರಡೂವರೆ ಕೆಜಿಗೂ ಮೇಲೆ ವ್ಯತ್ಯಾಸ ಬರುತ್ತದೆ. ಗಾಳಿಗೂ ತೂಕವಿದೆ ಎಂದು ಶಾಲೆಯಲ್ಲಿ ಓದಿದ್ದು ಇಲ್ಲಿ ಬೆನ್ನಿಗೇ ತಗಲುತ್ತದೆ.

ನಿಮಿಷಕ್ಕೆ 20 ಲೀಟರ್ ಉಸಿರಾಡುವ ಡೈವರ್‌ಗೆ ಈ ಗಾಳಿ ದಡದಲ್ಲಿ ಕೂತರೆ 110 ನಿಮಿಷಕ್ಕೆ ಸಾಕು. ಹತ್ತು ಮೀಟರ್ ಇಳಿದರೆ ಸುತ್ತಲ ಒತ್ತಡ ಎರಡು ಪಟ್ಟಾಗುತ್ತದೆ. ಪ್ರತಿ ಉಸಿರಿಗೂ ಎರಡರಷ್ಟು ಗಾಳಿ ಹಿಡಿಯುವುದರಿಂದ ಅದೇ ಸಿಲಿಂಡರ್ 55 ನಿಮಿಷಕ್ಕೆ ಖಾಲಿ. ಕಟ್ಟೆಯ ಬುಡದಲ್ಲಿ ಒತ್ತಡ ಹತ್ತಿರ ಹತ್ತಿರ ಐದು ಪಟ್ಟು, ಸಿಲಿಂಡರಿಗೆ ಸುಮಾರು 22 ನಿಮಿಷದ ಆಯುಷ್ಯ. ಅದರಲ್ಲೂ ಕಾಲು ಭಾಗ ಮೇಲೆ ಬರಲು ಮೀಸಲಿಡಬೇಕು.

ಗಾಳಿ ಮುಗಿಯುವ ಮುಂಚೆಯೇ ಇನ್ನೊಂದು ಗಡಿಯಾರ ಮುಗಿಯುತ್ತದೆ. ಉಸಿರಿನ ನಾಲ್ಕು ಪಾಲಿನಲ್ಲಿ ಮೂರಕ್ಕೂ ಹೆಚ್ಚು ಇರುವ ಸಾರಜನಕ ನಮ್ಮ ಮೈಗೆ ಬೇಡದ ಅತಿಥಿ. ದಡದಲ್ಲಿರುವಾಗ ಒಬ್ಬ ಮನುಷ್ಯನ ಮೈಯಲ್ಲಿ ಒಂದು ಲೀಟರಿನಷ್ಟು ಸಾರಜನಕ ಕರಗಿ ಸುಮ್ಮನಿರುತ್ತದೆ. ಒತ್ತಡ ಏರಿದಂತೆ ಹೆಚ್ಚು ಹೆಚ್ಚು ಕರಗುತ್ತ ಹೋಗುತ್ತದೆ. ಬೇಗ ಮೇಲೆ ಬಂದರೆ ಅದು ಮೂಳೆಸಂದಿನಲ್ಲೋ ಬೆನ್ನುಹುರಿಯಲ್ಲೋ ಗುಳ್ಳೆಯಾಗಿ ಹೊರಬೀಳುತ್ತದೆ. ಕೀಲು ಹಿಡಿದುಕೊಳ್ಳಬಹುದು, ಕಾಲು ಬಿದ್ದುಹೋಗಬಹುದು, ಜೀವವೂ ಹೋಗಬಹುದು. ಆದ್ದರಿಂದ ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದರೆ ನೇರವಾಗಿ ಮೇಲೆ ಬರಬಹುದು ಎಂಬುದಕ್ಕೆ ಕೋಷ್ಟಕಗಳಿವೆ. ಹವ್ಯಾಸಿಗಳು ಹೆಚ್ಚಾಗಿ ಬಳಸಿದ, ಪಾಡಿ ಎಂಬ ತರಬೇತಿ ಸಂಸ್ಥೆಯ ಕೋಷ್ಟಕ ಹೇಳುವುದು: 18 ಮೀಟರಿಗೆ 56 ನಿಮಿಷ, 30 ಮೀಟರಿಗೆ 20 ನಿಮಿಷ, 40 ಮೀಟರಿಗೆ 9 ನಿಮಿಷ. 124.80 ಅಡಿಯ ಬೆಲೆ ಇದು. 49 ಟಿಎಂಸಿಯ ತಳದಲ್ಲಿ ನಿಲ್ಲಲು ಮನುಷ್ಯನಿಗೆ ಸಿಗುವುದು ಒಂಬತ್ತು, ಹೆಚ್ಚೆಂದರೆ ಹತ್ತು ನಿಮಿಷ!

ಸೇತುವೆಯಿಂದ ಸಿನಿಮಾದವರೆಗೆ

ಈ ಲೆಕ್ಕ ಕಲಿಯಲು ಮನುಷ್ಯ ಕೊಟ್ಟ ಬೆಲೆಯೂ ಕಡಿಮೆಯದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕಂಬಕ್ಕೆ ತಳಪಾಯ ತೋಡಲು ನದಿಯಡಿ ದೊಡ್ಡ ಮರದ ಪೆಟ್ಟಿಗೆ ಇಳಿಸಿ, ನೀರು ನುಗ್ಗದಂತೆ ಒತ್ತಡದ ಗಾಳಿ ತುಂಬಿ ಕೂಲಿಗಳನ್ನು ಕಳಿಸುತ್ತಿದ್ದರು. 1872ರಲ್ಲಿ ಮ್ಯಾನ್‌ಹಟನ್ ಕಡೆಯ ಪೆಟ್ಟಿಗೆ 78 ಅಡಿಗೆ ಇಳಿಯುವ ಹೊತ್ತಿಗೆ ಅಲ್ಲಿನ ವೈದ್ಯರ ದಾಖಲೆಯಲ್ಲಿ ಈ ಗುಳ್ಳೆ ಕಾಯಿಲೆಯ 110 ಪ್ರಕರಣಗಳಿದ್ದವು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಹಾಸಿಗೆ ಹಿಡಿದರು. ನಮ್ಮ ಕಟ್ಟೆ 78 ಅಡಿಗೆ ಇಳಿಯಿತೆಂದರೆ ಬರಗಾಲದ ಮಾತು ಶುರುವಾಗುತ್ತದೆ. ಅಷ್ಟು ನೀರಿನ ಒತ್ತಡವೂ ಆಳುಗಳನ್ನು ಕೆಡವಲು ಸಾಕಾಗಿತ್ತು.

1908ರಲ್ಲಿ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, ಹಂತ ಹಂತವಾಗಿ ನಿಂತು ನಿಂತು ಮೇಲೆ ಬರಬೇಕೆಂಬ ಮೊದಲ ಕೋಷ್ಟಕ ಪ್ರಕಟಿಸಿದರು. 1943ರಲ್ಲಿ ಫ್ರೆಂಚ್ ನೌಕಾಧಿಕಾರಿ ಜಾಕ್ ಕುಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ ಸೇರಿ ಇಂದಿನ ಸ್ಕೂಬಾದ ಮೂಲರೂಪವಾದ ಆಕ್ವಾಲಂಗ್ ಸಿದ್ಧಪಡಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರನ್ನು ಗ್ಯಾಸಿನಲ್ಲಿ ಓಡಿಸಲು ಗಾನ್ಯಾಂ ಮಾಡಿದ್ದ ಕವಾಟವೇ ಇದಕ್ಕೆ ಬೀಜ. ಎಳೆದುಕೊಂಡಾಗ ಮಾತ್ರ, ಆ ಆಳಕ್ಕೆ ತಕ್ಕ ಒತ್ತಡದಲ್ಲಿ ಗಾಳಿ ಬಿಡುವುದು ಅದರ ಕೆಲಸ. ಕುಸ್ಟೋ ಅವರ ‘ದಿ ಸೈಲೆಂಟ್ ವರ್ಲ್ಡ್’ ಸಿನಿಮಾ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನೂ ಮರುವರ್ಷ ಆಸ್ಕರನ್ನೂ ಪಡೆಯಿತು. ಸೈನಿಕರ, ಹಡಗು ದುರಸ್ತಿಯವರ ಕಸುಬು ಹೀಗೆ ಜನಸಾಮಾನ್ಯರ ಹುಚ್ಚಾಯಿತು. 1966ರಲ್ಲಿ ಅಮೆರಿಕದ ಜಾನ್ ಕ್ರೋನಿನ್, ರಾಲ್ಫ್ ಎರಿಕ್ಸನ್ ಎಂಬಿಬ್ಬರು 30 ಡಾಲರ್ ಇಟ್ಟುಕೊಂಡು ಶುರುಮಾಡಿದ ಪಾಡಿ, ತಾನು ಈವರೆಗೆ ಕೊಟ್ಟ ಸರ್ಟಿಫಿಕೇಟುಗಳು ಮೂರು ಕೋಟಿಯ ಆಸುಪಾಸು ಎನ್ನುತ್ತದೆ.

ಈ ಇಸವಿಗಳ ಪಕ್ಕದಲ್ಲಿ ನಮ್ಮ ಕಟ್ಟೆಯ ಇಸವಿ ಇಟ್ಟು ನೋಡಬೇಕು. 1911ರಲ್ಲಿ ಶುರುವಾದ ಕನ್ನಂಬಾಡಿ ಮುಗಿದದ್ದು 1932ರ ಹೊತ್ತಿಗೆ, ಆಕ್ವಾಲಂಗ್ ಬರಲು ಇನ್ನೂ ಹನ್ನೊಂದು ವರ್ಷವಿತ್ತು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ನೀರಿಗೆ ಹೋದಾಗ ಮೀನಿನಂತೆ ಸರಾಗವಾಗಿ ಈಜಿಕೊಂಡು ಅದನ್ನು ಸುತ್ತಿ ಬರುವುದು ಇನ್ನೂ ಜನಸಾಮಾನ್ಯರ ಕೈಗೆಟುಕುವ ಮಾತಾಗಿರಲಿಲ್ಲ. ಸುಮಾರು 70 ವರ್ಷದ ಮೇಲೆ, 2000ದ ಆಸುಪಾಸಿನ ಬರದಲ್ಲಿ ಕಟ್ಟೆಯೇ ಇಳಿದು ಗುಡಿ ತೋರಿಸಿತು. ಆಮೇಲೆ ಖೋಡೆ ಫೌಂಡೇಶನ್ ಕಲ್ಲು ಕಲ್ಲನ್ನೂ ಬಿಚ್ಚಿ ಹೊಸಕನ್ನಂಬಾಡಿಯ ದಡದಲ್ಲಿ ಮರಳಿ ಕಟ್ಟಿತು.

ಖುಷಿಯ ಗೆರೆ 130 ಅಡಿಗೆ ನಿಂತರೂ ಹಟದ ಗೆರೆ ನಿಲ್ಲಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಈಜಿಪ್ಟಿನ ಅಹ್ಮದ್ ಗಬ್ರ್ ಕೆಂಪು ಸಮುದ್ರದಲ್ಲಿ ಸ್ಕೂಬಾ ತೊಟ್ಟು ಇಳಿದು ಗಿನ್ನೆಸ್ ದಾಖಲೆ ಪಡೆದ ಆಳ 332.35 ಮೀಟರ್. ಇಳಿಯಲು ಹಿಡಿದದ್ದು ಕಾಲು ಗಂಟೆಯಷ್ಟೇ, ಮೇಲೆ ಬರಲು ಹದಿಮೂರು ಗಂಟೆಗೂ ಹೆಚ್ಚು. ಸಿಲಿಂಡರೂ ಇಲ್ಲದೆ, ಒಂದೇ ಉಸಿರಿನಲ್ಲಿ, ಭಾರದ ಯಂತ್ರ ಹಿಡಿದು ಇಳಿಯುವವರಿದ್ದಾರೆ. ಆಸ್ಟ್ರಿಯಾದ ಹರ್ಬರ್ಟ್ ನಿಚ್ 2012ರಲ್ಲಿ ಗ್ರೀಸಿನ ಸ್ಯಾಂಟೊರಿನಿಯಲ್ಲಿ 253 ಮೀಟರ್ ಮುಟ್ಟಿದರು. ಜೋಗದ ರಾಜ ಬೀಳುವ ಎತ್ತರವೂ 253 ಮೀಟರ್! ಜೋಗದ ನೆತ್ತಿಯಿಂದ ಗುಂಡಿಯವರೆಗಿನ ಅಷ್ಟೂ ಎತ್ತರದಲ್ಲಿ ನೀರು ನಿಂತಿದೆ ಎಂದುಕೊಳ್ಳಿ, ಅದರ ತಳಕ್ಕೆ ಒಂದೇ ಉಸಿರು. ಮೇಲೆ ಬರುವಾಗ ನಿಚ್ ಪ್ರಜ್ಞೆ ತಪ್ಪಿದರು, ಮಿದುಳಿಗೆ ಪಾರ್ಶ್ವವಾಯು ಬಡಿಯಿತು. ಮತ್ತೆ ನಡೆಯುವುದನ್ನೂ ಮಾತಾಡುವುದನ್ನೂ ಕಲಿಯಬೇಕಾಯಿತು.

ಮೂರು ಅಡಿ ನೀರು, ಒಂದು ಹುಣಸೂರು

ದೊಡ್ಡ ಅಂಕಿಗಳಿಗಿಂತ ಹೆಚ್ಚು ದಂಗುಬಡಿಸುವುದು ಒಂದು ಸಣ್ಣ ಅಂಕಿ. ನಮ್ಮ ತಲೆಯ ಮೇಲಿನ ಇಡೀ ವಾಯುಮಂಡಲ, ವಿಮಾನ, ಮೋಡ, ನೂರು ಕಿಲೋಮೀಟರಿನಾಚೆಯವರೆಗಿನ ಗಾಳಿಯೆಲ್ಲ ಸೇರಿ ಹಾಕುವ ಒತ್ತಡ ಬರೀ 33–34 ಅಡಿ ನೀರಿಗೆ ಸಮ. ಆಕಾಶವನ್ನೆಲ್ಲ ತೂಗಲು ಎರಡು ತೆಂಗಿನ ಮರದ ಎತ್ತರದ ನೀರೂ ಬೇಡ. ತುಂಬಿದ ಕನ್ನಂಬಾಡಿಯಲ್ಲಿ ಮೂರೂವರೆ ಆಕಾಶಗಳಿಗಿಂತ ಹೆಚ್ಚು ಭಾರವಿದೆ.

ಈ ಲೆಕ್ಕವನ್ನು ಊರಿಗೆ ತನ್ನಿ. ಹುಣಸೂರು ಸಮುದ್ರ ಮಟ್ಟದಿಂದ ಸುಮಾರು 2,600 ಅಡಿ ಮೇಲಿದೆ. ಮಂಗಳೂರಿನ ಕಡಲ ದಂಡೆಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ನೂರಕ್ಕೆ ಒಂಬತ್ತರಷ್ಟು ಕಡಿಮೆ. ನೀರಿನಲ್ಲಿ ಹೇಳುವುದಾದರೆ ಮೂರು ಅಡಿ. ಜೋರು ಮಳೆಯ ಒಂದು ದಿನ ಕಟ್ಟೆ ಮೂರು ಅಡಿ ಏರಿತು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಆ ಒಂದು ದಿನದಲ್ಲಿ ಕಟ್ಟೆಯ ಬುಡಕ್ಕೆ ಬೀಳುವ ಹೆಚ್ಚುವರಿ ಒತ್ತಡವೂ ಹುಣಸೂರಿನಿಂದ ಘಾಟಿ ಇಳಿದು ಕಡಲು ಮುಟ್ಟುವಾಗ ನಮ್ಮ ಮೈಮೇಲೆ ಏರುವ ಒತ್ತಡವೂ ಒಂದೇ. ಮಡಿಕೇರಿ ಇರುವುದು 3,800 ಅಡಿಯ ಎತ್ತರದಲ್ಲಿ. ಹೇರ್‌ಪಿನ್ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಹತ್ತುವ ಇಡೀ ಸಂಪಾಜೆ ಘಾಟಿ ನೀರಿನ ಲೆಕ್ಕದಲ್ಲಿ ನಾಲ್ಕೂವರೆ ಅಡಿಯೊಳಗೆ ಮುಗಿಯುತ್ತದೆ.

ನಾಲ್ಕೂವರೆ ಅಡಿ ಏನು ಮಹಾ ಎನ್ನಬೇಡಿ. ಸಿಲಿಂಡರಿನ ಗಾಳಿಯನ್ನು ಎದೆ ತುಂಬ ಎಳೆದುಕೊಂಡು, ಉಸಿರು ಬಿಗಿಹಿಡಿದು, ಬರೀ ನಾಲ್ಕು ಅಡಿ ಆಳದಿಂದ ಮೇಲೆದ್ದರೂ ಹಿಗ್ಗುವ ಗಾಳಿ ಶ್ವಾಸಕೋಶವನ್ನು ಹರಿಯಬಲ್ಲದು. ಎದೆಮಟ್ಟದ ನೀರಿನಲ್ಲೂ ಪ್ರಾಣ ಹೋಗಬಹುದು. ಹಾಗಾಗಿ ಸ್ಕೂಬಾ ಕಲಿಸುವವರ ಮೊದಲ ಪಾಠವೇ ‘ಉಸಿರು ಹಿಡಿಯಬೇಡಿ, ಆಡುತ್ತಲೇ ಇರಿ’. ಆಳದಲ್ಲಿ ಹತ್ತು ಮೀಟರ್ ಏರುವುದಕ್ಕೂ ಮೇಲ್ಮೈಯ ಹತ್ತಿರ ಹತ್ತು ಮೀಟರ್ ಏರುವುದಕ್ಕೂ ಅಜಗಜಾಂತರ. 40ರಿಂದ 30 ಮೀಟರಿಗೆ ಬಂದರೆ ಗಾಳಿ ಕಾಲು ಭಾಗ ಹಿಗ್ಗುತ್ತದೆ. 10ರಿಂದ ಮೇಲ್ಮೈಗೆ ಬಂದರೆ ಎರಡರಷ್ಟಾಗುತ್ತದೆ. ಕೊನೆಯ ಅಡಿಗಳೇ ಕಷ್ಟದವು. ನಮ್ಮ ಊರುಗಳು ಇರುವುದು ಆ ಕೊನೆಯ ಅಡಿಗಳಿಗೂ ಮೇಲೆ.

ನೇತ್ರಾಣಿಯಿಂದ ಮನೆಗೆ

ಈ ತಾಲ್ಲೂಕುಗಳವರು ರಾಜ್ಯದೊಳಗೇ ಸ್ಕೂಬಾ ಮಾಡಬೇಕೆಂದರೆ ಹೋಗುವ ಜಾಗ ಭಟ್ಕಳ ತಾಲ್ಲೂಕಿನ ನೇತ್ರಾಣಿ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ, ಮೇಲಿನಿಂದ ನೋಡಿದರೆ ಹೃದಯದಾಕಾರದ ದ್ವೀಪ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ದೋಣಿಗಳು ಹೊರಡುತ್ತವೆ. 2022ರ ಅಕ್ಟೋಬರಿನಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲೇ ನೀರಿಗಿಳಿಯುವುದನ್ನು ನೋಡಿದ ಮೇಲೆ ಒಳನಾಡಿನ ಮನೆಮನೆಗೂ ಈ ಹೆಸರು ಪರಿಚಯವಾಯಿತು.

ಈಜು ಬಾರದವರನ್ನೂ ತರಬೇತುದಾರರು ಸಿಲಿಂಡರಿನ ಕತ್ತು ಹಿಡಿದು ಇಳಿಸುತ್ತಾರೆ. ಕೆಲವು ಮೀಟರ್ ಹೋಗುವಷ್ಟರಲ್ಲಿ ಕೆಂಪು ಬಣ್ಣ ಮಾಸಿ ಕಂದಾಗುತ್ತದೆ. ಮೀನು ಇರುವುದಕ್ಕಿಂತ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ದೋಣಿಯ ಎಂಜಿನ್ ಸದ್ದು ಗಾಳಿಯಲ್ಲಿ ಬರುವುದರ ನಾಲ್ಕು ಪಟ್ಟು ವೇಗದಲ್ಲಿ ಬಂದು ಯಾವ ಕಡೆಯಿಂದ ಬಂತೆಂದೇ ತಿಳಿಯುವುದಿಲ್ಲ. ಗಿಳಿಮೀನು ಹವಳವನ್ನು ಕಟಕಟನೆ ಕಡಿಯುವ ಸದ್ದೂ ಕೇಳುತ್ತದೆ. ಖುಷಿಯಾಗಿ ಹೆಬ್ಬೆರಳೆತ್ತಿ ‘ಸೂಪರ್’ ಎಂದು ತೋರಿಸಿದರೆ ಮಾತ್ರ ಕೆಟ್ಟಿತು. ಡೈವರ್‌ಗಳ ಸಂಜ್ಞೆಯಲ್ಲಿ ಅದಕ್ಕೆ ‘ಮೇಲೆ ಹೋಗೋಣ’ ಎಂದರ್ಥ. ತರಬೇತುದಾರ ನಿಮ್ಮನ್ನು ಮೇಲಕ್ಕೆ ಕರೆದೊಯ್ಯುತ್ತಾನೆ. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಇಷ್ಟು ಮಾಡಿ ಮೇಲೆ ಬಂದವರು ಮಧ್ಯಾಹ್ನ ಮೀನೂಟ ಮುಗಿಸಿ, ಸೋಮವಾರದ ಕೆಲಸ ನೆನೆದು ಕಾರು ಹತ್ತುತ್ತಾರೆ. ಮಂಗಳೂರು, ಸುಳ್ಯ, ಸಂಪಾಜೆ. ರಾತ್ರಿ ಹೊತ್ತಿಗೆ ಮಡಿಕೇರಿ. ಅಲ್ಲಿಂದ ಕುಶಾಲನಗರ, ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು. ಇಲ್ಲೇ ಲೆಕ್ಕ ತಪ್ಪುವುದು. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಎಂಬ ನಿಯಮ ಬಹಳ ಜನಕ್ಕೆ ಗೊತ್ತು. ಡೈವರ್‌ಗಳ ಸುರಕ್ಷತೆಗೆಂದೇ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಪ್ರಕಾರ ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಎರಡು ಮೂರು ಸಲ ಮುಳುಗಿದ್ದರೆ 18 ಗಂಟೆ ಕಾಯಬೇಕು. ಆದರೆ ಆ ನಿಯಮದಲ್ಲಿ ಎತ್ತರ ಎಂದರೆ 35,000 ಅಡಿಯಲ್ಲ. ವಿಮಾನದ ಕ್ಯಾಬಿನ್ನಿನೊಳಗಿನ ಒತ್ತಡವನ್ನು ಹಿಡಿದು ಮಾಡಿದ ಆ ಲೆಕ್ಕ ಶುರುವಾಗುವುದೇ 2,000 ಅಡಿಯಿಂದ. ತುಂಬಿದ ಕಬಿನಿಯ ನೀರಿನ ಮಟ್ಟ 2,284 ಅಡಿ. ಎಚ್.ಡಿ.ಕೋಟೆ, ಕೆ.ಆರ್.ನಗರ, ಹುಣಸೂರು, ಪಿರಿಯಾಪಟ್ಟಣ, ನಾಲ್ಕೂ ಊರುಗಳು 2,200 ಅಡಿಗಿಂತ ಮೇಲಿವೆ. ಡೈವರ್‌ಗಳ ನಿಯಮದ ಪ್ರಕಾರ ನಾವು ನಮ್ಮ ಮನೆಯ ಜಗುಲಿಯಲ್ಲಿ ಕೂತಿದ್ದರೂ ವಿಮಾನದಲ್ಲಿ ಕೂತಂತೆಯೇ. ಕರಾವಳಿಯಿಂದ ಇಲ್ಲಿಗೆ ಬರುವ ಯಾವ ದಾರಿಯೂ, ಸಂಪಾಜೆಯಾಗಲಿ ಶಿರಾಡಿಯಾಗಲಿ, ರೈಲೇ ಆಗಲಿ, ಘಾಟಿ ಹತ್ತದೆ ಬರುವುದಿಲ್ಲ.

ಹತ್ತು ಹನ್ನೆರಡು ಮೀಟರ್ ಇಳಿದು ಅರ್ಧ ಗಂಟೆ ಮೀನು ನೋಡಿ ಬಂದವರಿಗೆ ಅಪಾಯ ಕಡಿಮೆ ಎಂಬುದು ನಿಜ. ಕೋರ್ಸ್ ಸೇರಿ ದಿನಕ್ಕೆ ಎರಡು ಮೂರು ಸಲ ಮುಳುಗಿದವರಿಗೆ ಆ ಮಾತು ಹೇಳಲಾಗದು. ಇಬ್ಬರಿಗೂ ಉಪಾಯ ಒಂದೇ, ಖರ್ಚೂ ಹೆಚ್ಚಿಲ್ಲ. ಭಾನುವಾರ ನೀರಿಗಿಳಿದಿರಾದರೆ ಆ ರಾತ್ರಿ ಮುರುಡೇಶ್ವರದಲ್ಲೋ ಉಡುಪಿಯಲ್ಲೋ ತಂಗಿ. ಕೊನೆಯ ಸಲ ಮೇಲೆ ಬಂದ ಗಳಿಗೆಯಿಂದ 18 ಗಂಟೆ ಎಣಿಸಿ, ಸೋಮವಾರ ಘಾಟಿ ಹತ್ತಿ. ದಾರಿಯಲ್ಲೋ ಮನೆಗೆ ಬಂದ ಮೇಲೋ ಕೀಲುನೋವು, ಜೋಮು, ತಲೆಸುತ್ತು ಕಾಣಿಸಿದರೆ ಪ್ರಯಾಣದ ಆಯಾಸವೆಂದು ಮಲಗಿಬಿಡಬೇಡಿ. ವೈದ್ಯರ ಬಳಿ ಹೋಗಿ, ಡೈವ್ ಮಾಡಿದ್ದನ್ನು ಮೊದಲ ಮಾತಿಗೇ ಹೇಳಿ.